ಸೂಪರ್‌ಮಾರ್ಕೆಟ್ ಚೀಸ್ ಇಷ್ಟೊಂದು ಸಪ್ಪೆ ಆಗಿದ್ದು ಯಾಕೆ?

ಸಪ್ಪೆಮೂತಿ:

ದುಬಾರಿ ಚೀಸ್ ಬಗ್ಗೆ ನಾನು ಕೇಳುತ್ತಿಲ್ಲ. ಸಾಮಾನು ತರಲು ಹೋದಾಗ ಯೋಚನೆ ಮಾಡದೆ ಬುಟ್ಟಿಗೆ ಹಾಕಿಕೊಳ್ಳುವ ಮಾಮೂಲಿ ಚೆಡ್ಡರ್ ಇದೆಯಲ್ಲ, ಅದರ ಬಗ್ಗೆ. ಅದು ವರ್ಷದಿಂದ ವರ್ಷಕ್ಕೆ ಕೆಡುತ್ತಾ ಬಂದಿದೆ ಅಂತ ನನ್ನ ಲೆಕ್ಕ. ನಿಮಗೂ ಹಾಗೆ ಅನ್ನಿಸಿದೆಯಾ?

ಮೊದಲೆಲ್ಲ ಚಾಕು ಹಾಕಿದರೆ ಅಂಚಿನಲ್ಲಿ ಸ್ವಲ್ಪ ಉದುರುತ್ತಿತ್ತು. ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ನಾಲಿಗೆಯ ಹಿಂಭಾಗದಲ್ಲಿ ಒಂದು ಚುರುಕು, ನುಂಗಿದ ಮೇಲೂ ಸ್ವಲ್ಪ ಹೊತ್ತು ರುಚಿ ಉಳಿಯುತ್ತಿತ್ತು. ಈಗ ಚಾಕುವಿಗೇ ಮೆತ್ತಿಕೊಳ್ಳುತ್ತದೆ. ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆದ್ದು ಬರುತ್ತದೆ. ರುಚಿ ಅಂದರೆ ಉಪ್ಪು, ಅದರ ಹಿಂದೆಯೇ ಏನೋ ಒಂದು ಸಿಹಿ, ಅಲ್ಲಿಗೆ ಮುಗಿಯಿತು. ಬ್ರೆಡ್ ಮೇಲೆ ಹಾಕಿ ಕಾಯಿಸಿದರೆ ಎಣ್ಣೆ ಒಂದು ಕಡೆ, ರಬ್ಬರ್ ಒಂದು ಕಡೆ. ಪ್ಯಾಕೆಟ್ ಮೇಲೆ ಮಾತ್ರ ‘ಮೆಚ್ಯೂರ್’ (ಚೆನ್ನಾಗಿ ಮಾಗಿದ್ದು) ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ತೂಕ ಸದ್ದಿಲ್ಲದೆ ಇಳಿದಿದೆ, ಅದೊಂದು ಬೇರೆ ಹೊಟ್ಟೆ ಉರಿ.

ಹಾಲು ಬದಲಾಗಿದೆಯಾ, ಮಾಡುವ ರೀತಿ ಬದಲಾಗಿದೆಯಾ, ಇಲ್ಲಾ ನನ್ನ ನಾಲಿಗೆಗೇ ವಯಸ್ಸಾಯಿತಾ? ಗೊತ್ತಿದ್ದವರು ಹೇಳಿ. ‘ಒಳ್ಳೆ ಚೀಸ್ ಅಂಗಡಿಗೆ ಹೋಗಿ’ ಅನ್ನುವ ಉಪದೇಶ ಮಾತ್ರ ಬೇಡ, ದಯವಿಟ್ಟು.

ಹಾಲೊಡಕು:

ನಾನು ಕೆಲವು ವರ್ಷ ಒಂದು ಚೀಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ನಾಲಿಗೆ ಸರಿಯಾಗೇ ಇದೆ. ನೀವು ಹೇಳಿದ ಎಲ್ಲಾ ಲಕ್ಷಣಕ್ಕೂ ಎರಡೇ ಕಾರಣ. ಒಂದು, ಚೀಸ್ ಮಾಗಲು ಕಾಲ ಕೊಡುತ್ತಿಲ್ಲ. ಎರಡು, ಒಳಗೆ ನೀರು ಜಾಸ್ತಿ ಬಿಡುತ್ತಾರೆ.

ಕಾಲದ ವಿಷಯ ಮೊದಲು. ಹೊಸದಾಗಿ ಮಾಡಿದ ಚೆಡ್ಡರ್‌ನಲ್ಲಿ ಕೇಸಿನ್ ಅನ್ನುವ ಹಾಲಿನ ಪ್ರೋಟೀನ್ ಉದ್ದುದ್ದ ಬಲೆಯ ತರ ಇರುತ್ತದೆ. ಬೆರಳಿಗೆ ರಬ್ಬರ್ ಅನ್ನಿಸುವುದು ಅದೇ. ಆಮೇಲೆ ತಿಂಗಳುಗಟ್ಟಲೆ, ಹಾಲು ಹೆಪ್ಪುಗಟ್ಟಿಸಲು ಹಾಕಿದ ರೆನೆಟ್ಟು, ಬ್ಯಾಕ್ಟೀರಿಯಾದಿಂದ ಬಂದ ಕಿಣ್ವಗಳು ಎಲ್ಲಾ ಸೇರಿ ಆ ಬಲೆಯನ್ನು ತುಂಡು ಮಾಡುತ್ತಾ ಹೋಗುತ್ತವೆ. ಮೊದಲು ದೊಡ್ಡ ತುಂಡು, ಆಮೇಲೆ ಸಣ್ಣ ತುಂಡು, ಕೊನೆಗೆ ಅಮೈನೋ ಆಮ್ಲ. ನೀವು ಹೇಳಿದ ನಾಲಿಗೆ ಹಿಂದಿನ ಚುರುಕು ಬರುವುದು ಈ ಕೊನೆಯ ಹಂತದಲ್ಲಿ. 3 ತಿಂಗಳಿಗೆ ಅದು ಬರೋದಿಲ್ಲ. 9 ತಿಂಗಳು, 12 ತಿಂಗಳು ಬೇಕು. ಆದರೆ ಅಷ್ಟು ದಿನ ಇಡಬೇಕು ಅಂದರೆ ಕೋಲ್ಡ್ ರೂಮಿನ ಕರೆಂಟು, ಜಾಗ, ಹಾಲಿಗೆ ಆಗಲೇ ಕೊಟ್ಟುಬಿಟ್ಟ ದುಡ್ಡಿನ ಬಡ್ಡಿ, ಎಲ್ಲಾ ಮೈಮೇಲೆ ಬರುತ್ತದೆ. 1 ಕಿಲೋ ಚೆಡ್ಡರ್‌ಗೆ ಸುಮಾರು 10 ಲೀಟರ್ ಹಾಲು ಬೇಕು. ಬೆಲೆ ಇಳಿಸು ಅಂತ ದೊಡ್ಡ ಅಂಗಡಿಯವರು ಒತ್ತಡ ಹಾಕಿದಾಗ ಹಾಲಿನಲ್ಲಿ ಕಡಿಮೆ ಮಾಡಲು ಆಗೋದಿಲ್ಲ, ಆದ್ದರಿಂದ ತಿಂಗಳುಗಳಲ್ಲಿ ಕಡಿಮೆ ಮಾಡುತ್ತಾರೆ.

ಇನ್ನು ನೀರು. ಒಂದು ಸಣ್ಣ ಲೆಕ್ಕ ಹಾಕಿ. 100 ಕಿಲೋ ಚೀಸ್‌ನಲ್ಲಿ ತೇವಾಂಶ 36% ಇದ್ದರೆ ಗಟ್ಟಿ ಪದಾರ್ಥ 64 ಕಿಲೋ. ಅದೇ 64 ಕಿಲೋ ಗಟ್ಟಿಗೆ ತೇವಾಂಶ 38% ಬಿಟ್ಟರೆ ಚೀಸ್ 103 ಕಿಲೋ ಆಯಿತು. ಹಾಲು ಅಷ್ಟೇ, ಉಪ್ಪು ಹೆಚ್ಚುಕಮ್ಮಿ ಅಷ್ಟೇ, ಮಾರುವುದಕ್ಕೆ 3 ಕಿಲೋ ಜಾಸ್ತಿ. ದಿನಕ್ಕೆ ಟನ್‌ಗಟ್ಟಲೆ ಮಾಡುವವರಿಗೆ ಇದು ಎಷ್ಟು ದುಡ್ಡು ಅಂತ ನೀವೇ ನೋಡಿ. ಕಾನೂನಿನ ಮಿತಿಯೊಳಗೇ ಇರುತ್ತದೆ, ಮೋಸ ಅನ್ನುವ ಹಾಗಿಲ್ಲ. ಅಮೆರಿಕದಲ್ಲಿ ಚೆಡ್ಡರ್‌ಗೆ 39% ತನಕ ತೇವಾಂಶ ಬಿಡಬಹುದು. ಎಲ್ಲರೂ ಆ ಗೆರೆಯ ಹತ್ತಿರ ಹತ್ತಿರ ಸರಿಯುತ್ತಾರೆ, ಅಷ್ಟೇ. ಚಾಕುವಿಗೆ ಮೆತ್ತಿಕೊಳ್ಳುವುದು ಅದರಿಂದಲೇ.

ಹಳೆಯ ರೀತಿಯ ಚೆಡ್ಡರ್ ಬಟ್ಟೆ ಸುತ್ತಿದ ದುಂಡನೆಯ ಗಡ್ಡೆ. ಇಟ್ಟಷ್ಟು ದಿನ ನೀರು ಆರುತ್ತಿತ್ತು, ತೂಕ ಇಳಿಯುತ್ತಿತ್ತು, ರುಚಿ ಗಟ್ಟಿಯಾಗುತ್ತಿತ್ತು. ಈಗಿನದು ಪ್ಲಾಸ್ಟಿಕ್‌ನಲ್ಲಿ ಗಾಳಿ ತೆಗೆದು ಸೀಲ್ ಮಾಡಿದ ಸುಮಾರು 20 ಕಿಲೋದ ಚೌಕ ಇಟ್ಟಿಗೆ. ಒಂದು ಗ್ರಾಂ ನೀರೂ ಹೊರಗೆ ಹೋಗೋದಿಲ್ಲ, ಸಿಪ್ಪೆಯೂ ಇರೋದಿಲ್ಲ.

ಆ ಸಿಹಿ ಎಲ್ಲಿಂದ ಬಂತು ಅಂದಿರಲ್ಲ? ಅದಕ್ಕೂ ಕಾರಣ ಇದೆ. ಮಾಗುವ ಕೋಣೆಯ ಉಷ್ಣಾಂಶವನ್ನು 8 ಡಿಗ್ರಿ ಬದಲು 12ಕ್ಕೆ ಏರಿಸಿದರೆ ಕೆಲಸ ಬೇಗ ಆಗುತ್ತದೆ. ಜೊತೆಗೆ ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್ ಅನ್ನುವ ಇನ್ನೊಂದು ಕಲ್ಚರ್ ಸೇರಿಸುತ್ತಾರೆ. ಸ್ವಿಸ್ ತರದ ಚೀಸ್‌ಗಳಲ್ಲಿ ಬಳಸುವ ಬ್ಯಾಕ್ಟೀರಿಯಾ ಅದು. ಪ್ರೋಟೀನಿನ ಕಹಿ ತುಂಡುಗಳನ್ನು ಬೇಗ ಒಡೆದುಹಾಕಿ, ಒಂದು ತರ ಸಿಹಿ, ಬಾದಾಮಿಯಂಥ ರುಚಿ ಕೊಡುತ್ತದೆ. ಕಡಿಮೆ ತಿಂಗಳಲ್ಲಿ ‘ಮಾಗಿದ’ ಅನ್ನಿಸುವ ಹಾಗೆ ಮಾಡುವ ಉಪಾಯ ಇದು. ಕೆಲವರಿಗೆ ಅದೇ ಇಷ್ಟ, ಇರಲಿ. ಆದರೆ ಎಲ್ಲರೂ ಅದನ್ನೇ ಹಾಕಿದರೆ ಎಲ್ಲಾ ಚೆಡ್ಡರ್ ಒಂದೇ ರುಚಿ ಆಗುತ್ತದೆ.

ನೋಡೋಣ:

ಸ್ವಲ್ಪ ತಡೀರಿ. ‘ಮೊದಲು ಚೆನ್ನಾಗಿತ್ತು’ ಅನ್ನುವ ಮಾತು ಚೀಸ್ ಹುಟ್ಟಿದಾಗಿನಿಂದ ಇದೆ. ಅಮೆರಿಕದಲ್ಲಿ ಮೊದಲ ಚೀಸ್ ಕಾರ್ಖಾನೆ ಶುರುವಾಗಿದ್ದು 1851ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಅದೇ ಶತಮಾನ ಮುಗಿಯುವಷ್ಟರಲ್ಲಿ ಅಲ್ಲಿ ಹಾಲಿನ ಕೆನೆ ತೆಗೆದು ಬೆಣ್ಣೆಗೆ ಮಾರಿ, ಅದರ ಜಾಗದಲ್ಲಿ ಹಂದಿಯ ಕೊಬ್ಬು ತುಂಬಿ ಚೀಸ್ ಅಂತ ಮಾರುತ್ತಿದ್ದರು. ಅದನ್ನು ಹಿಡಿತಕ್ಕೆ ತರಲು 1896ರಲ್ಲಿ ಪ್ರತ್ಯೇಕ ಕಾನೂನೇ ಮಾಡಬೇಕಾಯಿತು. ಅದಕ್ಕೂ ಹಿಂದೆ ಇಂಗ್ಲೆಂಡಿನ ಸಫೋಕ್ ಚೀಸ್ ಅಂದರೆ ಬೈಗುಳ. ಕೆನೆ ತೆಗೆದ ಹಾಲಿನಲ್ಲಿ ಮಾಡಿ ನೌಕಾಪಡೆಯ ಹಡಗಿಗೆ ತುಂಬುತ್ತಿದ್ದರು, ನಾವಿಕರು ಹಲ್ಲು ಮುರಿಯುತ್ತದೆ ಅಂತ ಗೋಳಾಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನಲ್ಲಿ ಹಾಲನ್ನೆಲ್ಲ ಸರ್ಕಾರ ಹೇಳಿದ ಒಂದೇ ತರದ ಚೀಸ್‌ಗೆ ಸುರಿದರು, ರೇಷನ್ ಮುಗಿದಿದ್ದು 1954ಕ್ಕೆ. ಎಷ್ಟೋ ಹಳ್ಳಿ ಚೀಸ್‌ಗಳು ಆಗಲೇ ಹೋದವು. ಹಾಗಾಗಿ ‘ಮೊದಲು’ ಅಂದರೆ ಯಾವಾಗ ಅಂತ ಒಂಚೂರು ಕೇಳಿಕೊಳ್ಳಬೇಕು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೆಟ್ಟ ಚೀಸ್ ಕೂಡ ಕಡಿಮೆಯಾಗಿದೆ. ಹಿಂದೆ ಗ್ಯಾಸ್ ತುಂಬಿ ಉಬ್ಬಿದ್ದು, ಒಳಗೆ ಬಿರುಕು ಬಿಟ್ಟಿದ್ದು, ಬಾಯಿಗಿಟ್ಟರೆ ಕಹಿಯಾಗಿದ್ದು, ದನದ ಕೊಟ್ಟಿಗೆ ವಾಸನೆ ಹೊಡೆಯುತ್ತಿದ್ದು ಮಾಮೂಲು. ನಮಗೆ ಚೆನ್ನಾಗಿದ್ದದ್ದು ನೆನಪಿರುತ್ತದೆ, ಎಸೆದದ್ದು ಮರೆತುಹೋಗುತ್ತದೆ.

ಆಮೇಲೆ ಫ್ರಿಡ್ಜಿನಿಂದ ತೆಗೆದ ತಕ್ಷಣ ತಿಂದರೆ ಯಾವ ಚೀಸ್ ಆದರೂ ಸಪ್ಪೆಯೇ. ಕೊಬ್ಬು ಗಟ್ಟಿಯಾಗಿದ್ದರೆ ವಾಸನೆ ಮೇಲೇಳುವುದಿಲ್ಲ, ಮತ್ತು ಚೀಸ್‌ನ ರುಚಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಗಿನದೇ ಕೆಲಸ. ಅರ್ಧ ಗಂಟೆ ಹೊರಗಿಟ್ಟು ತಿಂದು ನೋಡಿ, ಆಮೇಲೆ ಬೈಯಿರಿ.

ಸಪ್ಪೆಮೂತಿ:

ನೋಡೋಣ ಅವರೇ, ಹಂದಿ ಕೊಬ್ಬು ತುಂಬಿದ ಚೀಸ್‌ಗಿಂತ ಇದು ವಾಸಿ ಅಂದರೆ ನಾನೇನು ಹೇಳಲಿ! ಹಾಗೆ ಹೋಲಿಸಿದರೆ ಎಲ್ಲವೂ ವಾಸಿಯೇ. ಹೊರಗಿಟ್ಟು ತಿನ್ನುವುದನ್ನು ಮೊದಲಿನಿಂದಲೂ ಮಾಡುತ್ತೇನೆ. ಈ ಚೀಸ್ ಹೊರಗಿಟ್ಟರೆ ಬೆವರುತ್ತದೆ, ಇನ್ನೂ ಮೆತ್ತಗಾಗುತ್ತದೆ, ರುಚಿ ಮಾತ್ರ ಅದೇ.

ಹಾಲೊಡಕು, ನಿಮಗೆ ಒಂದು ಪ್ರಶ್ನೆ. ರೆನೆಟ್ ಬದಲಾಗಿದ್ದೇ ಕಾರಣ ಅಂತ ಹಲವರು ಹೇಳುತ್ತಾರೆ. ಮೊದಲು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು, ಈಗ ಲ್ಯಾಬಿನದ್ದು, ಅದಕ್ಕೇ ಹೀಗೆ ಅಂತ. ನಿಜವಾ?

ಹಾಲೊಡಕು:

ಅದನ್ನು ನಾನು ಒಪ್ಪುವುದಿಲ್ಲ. ಕರುವಿನ ರೆನೆಟ್‌ನಲ್ಲಿ ಹಾಲು ಹೆಪ್ಪುಗಟ್ಟಿಸುವ ಮುಖ್ಯ ಕಿಣ್ವ ಕೈಮೋಸಿನ್. ಈಗ ಅದೇ ಕೈಮೋಸಿನ್ನನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ಅಮೆರಿಕದಲ್ಲಿ 1990ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಕಿಣ್ವ ಒಂದೇ, ಬಂದ ಜಾಗ ಬೇರೆ. ಚೆಡ್ಡರ್‌ನಲ್ಲಿ ರುಚಿಯ ವ್ಯತ್ಯಾಸ ಹಿಡಿಯುವುದು ಕಷ್ಟ. ಇನ್ನೊಂದು ಬಗೆ ಇದೆ, ಒಂದು ಜಾತಿಯ ಬೂಸ್ಟಿನಿಂದ ತೆಗೆದದ್ದು. ಅದು ಪ್ರೋಟೀನನ್ನು ಸಿಕ್ಕ ಸಿಕ್ಕ ಕಡೆ ಕತ್ತರಿಸುತ್ತದೆ, ಬಹಳ ತಿಂಗಳು ಇಟ್ಟರೆ ಕಹಿ ಬರಬಹುದು. ಆದರೆ ನಿಮ್ಮ ದೂರು ಕಹಿಯದ್ದಲ್ಲವಲ್ಲ.

ರೆನೆಟ್‌ಗಿಂತ ದೊಡ್ಡ ವಿಷಯ ಹೆಪ್ಪಿಗೆ ಹಾಕುವ ಕಲ್ಚರ್‌ನದ್ದು. ಬ್ಯಾಕ್ಟೀರಿಯಾಗಳಿಗೂ ವೈರಸ್ ಇವೆ, ಫೇಜ್ ಅಂತಾರೆ. ಒಂದು ದಿನ ಫೇಜ್ ಬಿದ್ದರೆ ತೊಟ್ಟಿಯಲ್ಲಿ ಹುಳಿಯೇ ಏರುವುದಿಲ್ಲ, ಅಷ್ಟು ಹಾಲೂ ದಂಡ. 1930ರ ದಶಕದಲ್ಲಿ ನ್ಯೂಜಿಲೆಂಡಿನವರು ಇದರ ಹಿಂದೆ ಬಿದ್ದು, ಆರಿಸಿದ ಕೆಲವೇ ತಳಿಗಳನ್ನು ಬಳಸುವ ದಾರಿ ಹಿಡಿದರು. ಕಾರ್ಖಾನೆಗೆ ಅದು ಒಳ್ಳೆಯದೇ. ಆದರೆ ಹಳೆಯ ಮಿಶ್ರ ಹೆಪ್ಪಿನಲ್ಲಿ ಯಾವುದ್ಯಾವುದೋ ಬ್ಯಾಕ್ಟೀರಿಯಾ ಇರುತ್ತಿತ್ತು, ಹಸಿ ಹಾಲಿನಲ್ಲೂ ಇರುತ್ತಿತ್ತು. ಈಗ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸಿ, ಲೆಕ್ಕ ಹಾಕಿ ಕೆಲವನ್ನು ಮಾತ್ರ ಬಿಡುತ್ತಾರೆ. ಆರೋಗ್ಯದ ದೃಷ್ಟಿಯಿಂದ ಅದು ಬೇಕು, ನಾನೇನೂ ಹಸಿ ಹಾಲಿನ ಪಕ್ಷದವನಲ್ಲ. ರುಚಿಯ ಏರುಪೇರು ಹೋಯಿತು ಅಂತ ಹೇಳಿದೆ ಅಷ್ಟೇ. ನೋಡೋಣ ಹೇಳಿದ್ದು ಇಲ್ಲಿ ಸರಿ, ಕೆಟ್ಟದ್ದೂ ಹೋಯಿತು. ತುಂಬಾ ಒಳ್ಳೆಯದೂ ಅದರ ಜೊತೆಗೇ ಹೋಯಿತು.

ಗ್ರೇಡಿಂಗ್, ಅಂದರೆ ಚೀಸ್ ಎಷ್ಟು ಮಾಗಿದೆ ಅನ್ನುವ ಪರೀಕ್ಷೆ, ಹೇಗೆ ಮಾಡುತ್ತಿದ್ದೆವು ಅಂತ ಹೇಳಿದರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಅರ್ಧ ಕೊಳವೆಯಂಥ ಒಂದು ಉಕ್ಕಿನ ಕಡ್ಡಿ ಇರುತ್ತದೆ. ಅದನ್ನು ಇಟ್ಟಿಗೆಗೆ ಚುಚ್ಚಿ, ಒಂದು ಸುತ್ತು ತಿರುಗಿಸಿ ಎಳೆದರೆ ಬೆರಳು ದಪ್ಪದ ಉದ್ದನೆಯ ಚೀಸ್ ಕಡ್ಡಿ ಬರುತ್ತದೆ. ಮೊದಲು ಮೂಗಿನ ಕೆಳಗೆ ಹಿಡಿಯಬೇಕು, ತಡ ಮಾಡಿದರೆ ವಾಸನೆ ಹೋಗಿಬಿಡುತ್ತದೆ. ಆಮೇಲೆ ನಿಧಾನ ಬಗ್ಗಿಸಬೇಕು. ಎಳೆಯ ಚೀಸ್ ಬಿಲ್ಲಿನ ತರ ಬಗ್ಗುತ್ತದೆ, ಮಾಗಿದ್ದು ಸ್ವಲ್ಪ ಬಗ್ಗಿ ಟಕ್ ಅಂತ ಮುರಿಯುತ್ತದೆ. ಒಂದು ಚೂರನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರೆ ಬೆಣ್ಣೆಯಂತೆ ಆಗಬೇಕು, ಜಿಗುಟಾಗಬಾರದು. ಉಳಿದದ್ದನ್ನು ಅದೇ ತೂತಿಗೆ ತುರುಕಿ ಮೇಲೆ ಒರೆಸಿ ಮುಚ್ಚುತ್ತಿದ್ದೆವು. ‘ಇದು ಇನ್ನೂ ಆರು ತಿಂಗಳು ತಾಳುತ್ತೆ, ಚೆನ್ನಾಗಿ ಬರುತ್ತೆ’ ಅಂತ ಗುರುತು ಹಾಕಿದ ಇಟ್ಟಿಗೆಗಳು ಇರುತ್ತಿದ್ದವು. ಆರ್ಡರ್ ಜಾಸ್ತಿ ಬಂದ ವಾರ ಅವೂ ಲಾರಿ ಹತ್ತುತ್ತಿದ್ದವು. ನೋಡಿ ಸಂಕಟ ಆಗುತ್ತಿತ್ತು, ಆದರೆ ಆ ತೀರ್ಮಾನ ನಮ್ಮ ಕೈಯಲ್ಲಿ ಇರಲಿಲ್ಲ.

ತುರಿಮಣೆ:

ಕರಗುವ ವಿಷಯಕ್ಕೆ ನಾನು ಬರುತ್ತೇನೆ, ಅಡುಗೆಮನೆಯೇ ನನ್ನ ಕೆಲಸದ ಜಾಗ.

ಮೊದಲನೆಯದಾಗಿ, ತುರಿದು ಪ್ಯಾಕ್ ಮಾಡಿದ ಚೀಸ್ ತರುತ್ತಿದ್ದರೆ ಇವತ್ತೇ ಬಿಟ್ಟುಬಿಡಿ. ಎಳೆಗಳು ಒಂದಕ್ಕೊಂದು ಅಂಟಬಾರದು ಅಂತ ಆಲೂಗಡ್ಡೆ ಪಿಷ್ಟ ಅಥವಾ ಸೆಲ್ಯುಲೋಸ್ ಉದುರಿಸಿರುತ್ತಾರೆ. ಸೆಲ್ಯುಲೋಸ್ ಅಂದರೆ ಗಿಡದ ನಾರು, ತಿಂದರೆ ಏನೂ ಆಗುವುದಿಲ್ಲ, ಲೇಬಲ್‌ನಲ್ಲಿ ಇ460 ಅಂತ ಇರಬಹುದು. ಬೂಸ್ಟು ಹಿಡಿಯದಿರಲಿ ಅಂತ ನೇಟಮೈಸಿನ್, ಅಂದರೆ ಇ235, ಕೆಲವು ಕಡೆ ಹಾಕುತ್ತಾರೆ. ಆ ಪುಡಿಯೇ ಎಳೆಗಳು ಕರಗಿ ಒಂದಾಗದಂತೆ ತಡೆಯುವುದು. ಸಾಸ್ ಮಾಡಿದರೆ ಮರಳು ಮರಳು. ಗಡ್ಡೆ ತಂದು ನೀವೇ ತುರಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಎಣ್ಣೆ ಬೇರೆ ರಬ್ಬರ್ ಬೇರೆ ಆಗುವುದಕ್ಕೆ ಉರಿಯೂ ಕಾರಣ, ಚೀಸೂ ಕಾರಣ. ಪ್ರೋಟೀನ್ ಬಲೆಯನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ. ಹುಳಿ ಸರಿಯಾಗಿ ಏರಿದರೆ ಸ್ವಲ್ಪ ಕ್ಯಾಲ್ಸಿಯಂ ಬಿಟ್ಟುಹೋಗಿ ಬಲೆ ಸಡಿಲ ಆಗುತ್ತದೆ, ಆಗ ಚೀಸ್ ಚೆನ್ನಾಗಿ ಹರಿಯುತ್ತದೆ. ಮೊಝರೆಲ್ಲಾ ಎಳೆ ಎಳೆಯಾಗಿ ಬರುವುದು ಹುಳಿಯ ಅಳತೆ ಸುಮಾರು ಪಿಎಚ್ 5.2ರ ಹತ್ತಿರ ಇದ್ದಾಗ, ಇದೇ ಕಾರಣಕ್ಕೆ. ಹುಳಿ ಕಡಿಮೆ ಆದರೆ ರಬ್ಬರ್, ಜಾಸ್ತಿ ಆದರೆ ಉದುರು, ಕರಗುವುದೇ ಇಲ್ಲ. ಎಳೆಯ ಚೀಸ್‌ಗೆ ಜೋರು ಉರಿ ಕೊಟ್ಟರೆ ಬಲೆ ಬಿಗಿದುಕೊಂಡು ಕೊಬ್ಬನ್ನೂ ನೀರನ್ನೂ ಹಿಂಡಿ ಹೊರಗೆ ಹಾಕುತ್ತದೆ. ನಿಮಗೆ ಕಾಣುವ ಎಣ್ಣೆ ಅದೇ. ಕೊಬ್ಬು ಕಡಿಮೆ ಅಂತ ಬರೆದಿರುವುದು ಇನ್ನೂ ಕಷ್ಟ, ಬಲೆಯ ಮಧ್ಯೆ ಜಾರುವುದಕ್ಕೆ ಕೊಬ್ಬೇ ಇರುವುದಿಲ್ಲ. ಹಾಗಂತ ಒಂದೂವರೆ ವರ್ಷ ಮಾಗಿದ ಚೆಡ್ಡರ್ ತಂದು ಕರಗಿಸಬೇಡಿ, ಅದರ ಬಲೆ ಪೂರ್ತಿ ಹರಿದಿರುತ್ತದೆ, ಅದೂ ಎಣ್ಣೆ ಬಿಡುತ್ತದೆ. ನಾನು ಎರಡನ್ನೂ ಬೆರೆಸುತ್ತೇನೆ. ಮುಕ್ಕಾಲು ಎಳೆಯದು, ಕಾಲು ಹಳೆಯದು. ಸಣ್ಣ ಉರಿ.

ಇನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸ್ಲೈಸ್‌ಗಳು. ಅದನ್ನು ಎಲ್ಲರೂ ಬೈಯುತ್ತಾರೆ, ನನಗೆ ಅದರ ಮೇಲೆ ಅಂಥ ಸಿಟ್ಟಿಲ್ಲ. ಪ್ರೊಸೆಸ್ಡ್ ಚೀಸ್ ಕಂಡುಹಿಡಿದದ್ದು 1911ರಲ್ಲಿ, ಅದೂ ಸ್ವಿಟ್ಜರ್ಲೆಂಡ್‌ನಲ್ಲಿ! ಚೀಸ್ ದೂರದೇಶಕ್ಕೆ ಕೆಡದೆ ಹೋಗಲಿ ಅಂತ. ಸೋಡಿಯಂ ಸಿಟ್ರೇಟ್ ಹಾಕಿ ಬಿಸಿ ಮಾಡಿದರೆ ಅದು ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ, ಪ್ರೋಟೀನ್ ಬಿಡಿಯಾಗಿ ಕೊಬ್ಬನ್ನೂ ನೀರನ್ನೂ ಅಪ್ಪಿಕೊಳ್ಳುತ್ತದೆ, ಎಣ್ಣೆ ಬಿಡುವುದೇ ಇಲ್ಲ. ಒಳ್ಳೆಯ ಚೀಸ್‌ನಿಂದ ಮಾಡಿದರೆ ಅದೂ ಚೆನ್ನಾಗೇ ಇರುತ್ತದೆ. ನನಗೆ ಸಿಟ್ಟು ಬರುವುದು ತಾಳೆ ಎಣ್ಣೆ, ಪಿಷ್ಟ, ಬಣ್ಣ ಸೇರಿಸಿ ಚೀಸ್ ತರ ಕಾಣುವ ಏನನ್ನೋ ಮಾಡಿ, ಅದೇ ಕಪಾಟಿನಲ್ಲಿ, ಅದೇ ಹಳದಿ ಪ್ಯಾಕೆಟ್ಟಿನಲ್ಲಿ, ಅಸಲಿ ಚೀಸ್ ಪಕ್ಕಕ್ಕೇ ಇಡುತ್ತಾರಲ್ಲ ಅದಕ್ಕೆ. ಹಿಂದೆ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಆದರೆ ಅಂಗಡಿಯಲ್ಲಿ ನಿಂತು ಅಷ್ಟು ಸಣ್ಣ ಅಕ್ಷರ ಓದುವ ಪುರುಸೊತ್ತು ಯಾರಿಗಿದೆ?

ರಂಧ್ರಾನ್ವೇಷಿ:

ಹೆಸರಿಗೆ ತಕ್ಕ ಹಾಗೆ ನಾನು ತೂತಿನ ವಿಷಯ ಹೇಳುತ್ತೇನೆ. ಎಮ್ಮೆಂಟಾಲ್ ಅನ್ನುವ ಸ್ವಿಸ್ ಚೀಸ್‌ನ ತೂತುಗಳು ವರ್ಷಗಳಿಂದ ಕಡಿಮೆಯಾಗುತ್ತಾ ಬಂದಿದ್ದವು. ಬ್ಯಾಕ್ಟೀರಿಯಾ ಬಿಡುವ ಕಾರ್ಬನ್ ಡೈಆಕ್ಸೈಡ್‌ನಿಂದ ತೂತು ಆಗುತ್ತದೆ ಅಂತ ಮೊದಲೇ ಗೊತ್ತಿತ್ತು. ಆದರೆ ಬ್ಯಾಕ್ಟೀರಿಯಾ ಅದೇ ಇದ್ದರೂ ತೂತು ಯಾಕೆ ಕಡಿಮೆ? ಸ್ವಿಟ್ಜರ್ಲೆಂಡಿನ ಆಗ್ರೋಸ್ಕೋಪ್ ಸಂಸ್ಥೆಯವರು 2015ರಲ್ಲಿ ಕಾರಣ ಹೇಳಿದರು: ಹಾಲಿನಲ್ಲಿ ಹುಲ್ಲಿನ ಕಣ ಇಲ್ಲ! ಬಕೆಟ್ಟಿಗೆ ಕರೆಯುತ್ತಿದ್ದ ಕಾಲದಲ್ಲಿ ಒಣಹುಲ್ಲಿನ ಕಣ್ಣಿಗೆ ಕಾಣದ ಚೂರುಗಳು ಬೀಳುತ್ತಿದ್ದವು, ಗ್ಯಾಸ್ ಅವುಗಳ ಸುತ್ತ ಸೇರಿ ತೂತಾಗುತ್ತಿತ್ತು. ಈಗ ಯಂತ್ರ, ಮುಚ್ಚಿದ ಪೈಪು, ಹಾಲು ಅಷ್ಟೊಂದು ಶುದ್ಧ. ಹಾಗಾಗಿ ತೂತು ಮಾಯ.

ಇದನ್ನು ಯಾಕೆ ಹೇಳಿದೆ ಅಂದರೆ, ಇಲ್ಲಿ ಯಾರೂ ದುಡ್ಡಿನ ಆಸೆಗೆ ಏನೂ ಕದ್ದಿಲ್ಲ. ಶುಚಿ ಹೆಚ್ಚಿದ್ದಕ್ಕೇ ಚೀಸ್ ಬದಲಾಯಿತು. ಎಲ್ಲವನ್ನೂ ಕಂಪನಿಗಳ ತಲೆಗೆ ಕಟ್ಟುವುದು ಸುಲಭ, ಅಲ್ವಾ?

ಹಾಲೊಡಕು:

ತೂತಿನ ವಿಷಯ ಒಪ್ಪಿದೆ. ಚೆಡ್ಡರ್‌ನ ನೀರಿನ ವಿಷಯಕ್ಕೆ ಮಾತ್ರ ಅದು ಅನ್ವಯಿಸಲ್ಲ. ಅಲ್ಲಿ ಯಾವ ಹುಲ್ಲೂ ಇಲ್ಲ, ತಕ್ಕಡಿ ಮಾತ್ರ ಇದೆ.

ಸಪ್ಪೆಮೂತಿ:

ಸರಿ, ಹಾಗಾದರೆ ಅದೇ ಕಪಾಟಿನ ಮುಂದೆ ನಿಂತು ನಾನು ಏನು ನೋಡಬೇಕು? ಹಳದಿ ಗಾಢವಾಗಿದ್ದರೆ ಒಳ್ಳೆಯದಾ? ಮೊನ್ನೆ ಒಂದು ಗಡ್ಡೆ ತಂದೆ, ಅದರ ಮೇಲೆ ಬಿಳಿ ಬಿಳಿ ಪುಡಿ ಇದೆ. ಎಸೆಯಬೇಕಾ?

ಹಾಲೊಡಕು:

ಬಣ್ಣ ನಂಬಬೇಡಿ. ಗಾಢ ಕಿತ್ತಳೆ ಅಂದರೆ ಅನಾಟೊ, ಒಂದು ಬೀಜದ ಬಣ್ಣ, ಇ160ಬಿ. ರುಚಿಗೂ ಅದಕ್ಕೂ ಸಂಬಂಧ ಇಲ್ಲ. ಹಸಿರು ಹುಲ್ಲು ಮೇಯ್ದ ಹಸುವಿನ ಹಾಲಿಗೆ ತಾನಾಗೇ ಸ್ವಲ್ಪ ಹಳದಿ ಬರುತ್ತದೆ, ಅದನ್ನು ನೋಡಿ ನೋಡಿ ಜನ ಹಳದಿ ಅಂದರೆ ಒಳ್ಳೆಯದು ಅಂದುಕೊಂಡರು, ಅದಕ್ಕೇ ಬಣ್ಣ ಹಾಕುವುದು ಶುರುವಾಯಿತು.

‘ಮೆಚ್ಯೂರ್’, ‘ಸ್ಟ್ರಾಂಗ್’ ಅನ್ನುವುದನ್ನೂ ಬಿಡಿ, ಒಬ್ಬೊಬ್ಬರು ಒಂದೊಂದು ಲೆಕ್ಕದಲ್ಲಿ ಹಾಕುತ್ತಾರೆ. ತಿಂಗಳು ಎಷ್ಟು ಅಂತ ಅಂಕೆಯಲ್ಲಿ ಬರೆದಿದ್ದರೆ ಅದನ್ನು ನಂಬಬಹುದು. 12 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಆ ಚುರುಕು ಸಿಗುವ ಸಾಧ್ಯತೆ ಇದೆ. ಪದಾರ್ಥಗಳ ಪಟ್ಟಿಯಲ್ಲಿ ಹಾಲು, ಉಪ್ಪು, ಕಲ್ಚರ್, ರೆನೆಟ್ ಇಷ್ಟೇ ಇರಬೇಕು, ಬಣ್ಣ ಇದ್ದರೆ ಇರಲಿ. ಪೌಷ್ಟಿಕಾಂಶದ ಪಟ್ಟಿಯನ್ನೂ ನೋಡಿ. ಪಕ್ಕಪಕ್ಕದ ಎರಡು ಚೆಡ್ಡರ್‌ನಲ್ಲಿ 100 ಗ್ರಾಂಗೆ ಕೊಬ್ಬು ಮತ್ತು ಪ್ರೋಟೀನ್ ಕೂಡಿಸಿ, ಯಾವುದು ಕಡಿಮೆಯೋ ಅದರಲ್ಲಿ ನೀರು ಜಾಸ್ತಿ. ಸೀಲ್ ಇರುವಾಗಲೇ ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ ನೋಡಿ. ಮಾಗಿದ ಚೀಸ್ ಸ್ಪಂಜಿನ ತರ ಎದ್ದು ಬರುವುದಿಲ್ಲ. ಅಂಗಡಿಯವರು ನೋಡುತ್ತಾರೆ ಅಂತ ಸಂಕೋಚ ಪಡಬೇಡಿ, ಹಾಗಂತ ಎಲ್ಲವನ್ನೂ ಒತ್ತುತ್ತಾ ನಿಲ್ಲಬೇಡಿ.

ಬಿಳಿ ಪುಡಿಯನ್ನು ಬೆರಳಿಂದ ಮುಟ್ಟಿ. ಉಪ್ಪಿನ ಹರಳಿನ ತರ ಗರಗರ ಅಂದರೆ ಅದು ಬಹುಪಾಲು ಕ್ಯಾಲ್ಸಿಯಂ ಲ್ಯಾಕ್ಟೇಟ್, ಧಾರಾಳವಾಗಿ ತಿನ್ನಿ. ಅದು ಮೇಲ್ಮೈಯಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಚೆನ್ನಾಗಿ ಮಾಗಿದೆ ಅಂತ ಅರ್ಥ ಅಲ್ಲ, ಎಳೆಯ ಚೀಸ್‌ನಲ್ಲೂ ಬರುತ್ತದೆ. ಬಹಳ ದಿನ ಮಾಗಿದ ಚೀಸ್‌ನ ಒಳಗೆ, ಕಚ್ಚಿದಾಗ ಹಲ್ಲಿಗೆ ಸಿಗುವ ಗಟ್ಟಿ ಹರಳು ಬೇರೆ, ಅದು ಟೈರೋಸಿನ್ ಅನ್ನುವ ಅಮೈನೋ ಆಮ್ಲ. ಪಾರ್ಮಿಜಾನೊ ತಿಂದವರಿಗೆ ಗೊತ್ತಿರುತ್ತದೆ. ಮುಟ್ಟಿದರೆ ನಯವಾಗಿ, ನೂಲಿನಂತೆ, ಹಸಿರೋ ಬೂದಿಯೋ ಬಣ್ಣಕ್ಕೆ ತಿರುಗುತ್ತಿದ್ದರೆ ಅದು ಬೂಸ್ಟು. ಗಟ್ಟಿ ಗಡ್ಡೆಯಾದರೆ ಆ ಜಾಗದ ಸುತ್ತ, ಕೆಳಗೂ ಸೇರಿ, ಒಂದು ಇಂಚು ಬಿಟ್ಟು ಕತ್ತರಿಸಿ ತೆಗೆಯಿರಿ, ಚಾಕು ಬೂಸ್ಟಿಗೆ ತಾಗದ ಹಾಗೆ. ತುರಿದದ್ದು, ಸ್ಲೈಸ್ ಮಾಡಿದ್ದು ಆದರೆ ಪೂರ್ತಿ ಎಸೆಯಿರಿ.

ಸಪ್ಪೆಮೂತಿ:

ಗರಗರ ಅಂತಿದೆ. ತಿಂತೀನಿ.